ನಮ್ಮ ತಟ್ಟೆಯ ಬೇಳೆ ನಮ್ಮ ಹೊಲದಲ್ಲೇ ಬೆಳೆದೀತೇ?

ಮಕ್ಕಳೇ, ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ವಿದ್ಯಾರ್ಥಿಗೆ ಬಿಸಿಯೂಟದಲ್ಲಿ ದಿನಕ್ಕೆ 150 ಗ್ರಾಂ ಅಕ್ಕಿ ಅಥವಾ ಗೋಧಿ ಮತ್ತು 30 ಗ್ರಾಂ ಬೇಳೆ ಕೊಡಬೇಕೆಂಬ ನಿಯಮವಿದೆ. 30 ಗ್ರಾಂ ಎಂದರೆ ಸುಮಾರು ಒಂದು ಹಿಡಿ. ಈ ಹಿಡಿ ಬೇಳೆ ಎಲ್ಲಿಂದ ಬಂತು? ಕಲಬುರಗಿಯ ಹೊಲದಿಂದ ಬಂದಿರಬಹುದು. ಸಮುದ್ರ ದಾಟಿ ಆಫ್ರಿಕದ ಮೊಜಾಂಬಿಕ್ ದೇಶದಿಂದಲೂ ಬಂದಿರಬಹುದು!

ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶ ಭಾರತ. ಅತಿ ಹೆಚ್ಚು ತಿನ್ನುವ ದೇಶವೂ ಭಾರತವೇ. ಆದರೂ ಬೆಳೆದದ್ದು ಸಾಲುವುದಿಲ್ಲ. 2024-25ರಲ್ಲಿ ನಾವು 70 ಲಕ್ಷ ಟನ್‌ಗಿಂತ ಹೆಚ್ಚು ಬೇಳೆಕಾಳನ್ನು ಹೊರದೇಶಗಳಿಂದ ಕೊಂಡೆವು. ತೊಗರಿ ಮೊಜಾಂಬಿಕ್ ಮತ್ತು ಮ್ಯಾನ್ಮಾರ್‌ಗಳಿಂದ ಬರುತ್ತದೆ. ಚನ್ನಂಗಿ ಬೇಳೆ ಕೆನಡ ಮತ್ತು ಆಸ್ಟ್ರೇಲಿಯಗಳಿಂದ ಬರುತ್ತದೆ. ನಮಗೆ ಬೇಕಾದ ಸಸಾರಜನಕವನ್ನು ಮಣ್ಣು, ನೀರು ಕೆಡಿಸದೆ ನಾವೇ ಬೆಳೆದುಕೊಳ್ಳಬಲ್ಲೆವೇ? ಬನ್ನಿ, ಲೆಕ್ಕ ಹಾಕಿ ನೋಡೋಣ.

ನಮಗೆಷ್ಟು ಬೇಕು?

ನಮ್ಮ ಸ್ನಾಯು, ರಕ್ತ, ಕೂದಲು, ಉಗುರು ಎಲ್ಲಕ್ಕೂ ಸಸಾರಜನಕ, ಅಂದರೆ ಪ್ರೋಟೀನು, ಬೇಕು. ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಬೇಕು. ಬೆಳೆಯುವ ಮಕ್ಕಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. 100 ಗ್ರಾಂ ಆಹಾರದಲ್ಲಿ ಸುಮಾರು ಎಷ್ಟು ಪ್ರೋಟೀನು ಇರುತ್ತದೆ ನೋಡಿ:

ಅಕ್ಕಿ – 7 ಗ್ರಾಂ
ರಾಗಿ – 7 ಗ್ರಾಂ
ಗೋಧಿ – 11 ಗ್ರಾಂ
ಮೊಟ್ಟೆ – 13 ಗ್ರಾಂ
ತೊಗರಿ ಬೇಳೆ – 22 ಗ್ರಾಂ
ಹಾಲು – 3 ಗ್ರಾಂ

ಈಗ ದೇಶದ ಲೆಕ್ಕ. ಭಾರತ ವರ್ಷಕ್ಕೆ ಸುಮಾರು 2.5 ಕೋಟಿ ಟನ್ ಬೇಳೆಕಾಳು ಬೆಳೆಯುತ್ತದೆ. ಜನಸಂಖ್ಯೆ ಸುಮಾರು 145 ಕೋಟಿ. ಸಮನಾಗಿ ಹಂಚಿದರೆ ಒಬ್ಬರಿಗೆ ವರ್ಷಕ್ಕೆ 17 ಕಿಲೋ, ದಿನಕ್ಕೆ 47 ಗ್ರಾಂ ಸಿಗುತ್ತದೆ. ಬಿತ್ತನೆಗೆ ಇಟ್ಟದ್ದು, ಸಿಪ್ಪೆಯಾಗಿ ಹೋದದ್ದು, ಹುಳ ತಿಂದದ್ದನ್ನು ಕಳೆದರೆ ಇನ್ನೂ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ನೀಡಿದ ಸಲಹೆಯಂತೆ, 2,000 ಕಿಲೋ ಕ್ಯಾಲೊರಿಯ ಊಟದಲ್ಲಿ ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ ದಿನಕ್ಕೆ 85 ಗ್ರಾಂ ಇರಬೇಕು. ಮೊಟ್ಟೆ, ಮಾಂಸ ತಿನ್ನದವರಿಗೆ ಅಷ್ಟೂ ಬೇಳೆಕಾಳಿನಿಂದಲೇ ಬರಬೇಕು. ಕೊರತೆ ಎಲ್ಲಿದೆ ಎಂದು ತಿಳಿಯಿತಲ್ಲವೇ?

ಕೊರತೆ ಹೇಗೆ ಬಂತು?

1951ರಲ್ಲಿ ಭಾರತದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 61 ಗ್ರಾಂ ಬೇಳೆಕಾಳು ದೊರೆಯುತ್ತಿತ್ತು. 2001ರಲ್ಲಿ ಅದು 30 ಗ್ರಾಂಗೆ ಇಳಿದಿತ್ತು. ಈ 50 ವರ್ಷಗಳಲ್ಲಿ ಜನಸಂಖ್ಯೆ ಬೇಗ ಬೆಳೆಯಿತು, ಬೇಳೆಯ ಇಳುವರಿ ಅಷ್ಟು ಬೇಗ ಬೆಳೆಯಲಿಲ್ಲ. 1960ರ ದಶಕದಲ್ಲಿ ಆರಂಭವಾದ ಹಸಿರು ಕ್ರಾಂತಿ ನಮ್ಮನ್ನು ಹಸಿವಿನಿಂದ ಉಳಿಸಿತು. ಆದರೆ ನೀರಾವರಿ ಭೂಮಿ ಬಹುಪಾಲು ಭತ್ತ ಮತ್ತು ಗೋಧಿಗೆ ಹೋಯಿತು. ಬೇಳೆಕಾಳು ಮಳೆಯನ್ನೇ ನಂಬಿದ ಹೊಲಗಳಿಗೆ ಸರಿಯಿತು. ಇಂದಿಗೂ ಬೇಳೆಕಾಳಿನ ಭೂಮಿಯಲ್ಲಿ ಸುಮಾರು ಮುಕ್ಕಾಲು ಭಾಗ ಮಳೆಯಾಶ್ರಿತವೇ. ಒಂದು ಹೆಕ್ಟೇರಿಗೆ ಗೋಧಿ ಸುಮಾರು 3,500 ಕಿಲೋ ಬಂದರೆ ಬೇಳೆಕಾಳು ಬರುವುದು ಸುಮಾರು 900 ಕಿಲೋ ಮಾತ್ರ.

ಗೋಧಿಯನ್ನೇ ಬೆಳೆದರೆ ಸಾಲದೇ?

ಜಾಣ ವಿದ್ಯಾರ್ಥಿಯೊಬ್ಬ ಹೀಗೆ ಕೇಳಬಹುದು: “3,500 ಕಿಲೋ ಗೋಧಿಯಲ್ಲಿ 385 ಕಿಲೋ ಪ್ರೋಟೀನು ಇದೆ. 900 ಕಿಲೋ ಬೇಳೆಯಲ್ಲಿ 198 ಕಿಲೋ ಮಾತ್ರ ಇದೆ. ಹಾಗಾದರೆ ಎಲ್ಲ ಕಡೆ ಗೋಧಿಯನ್ನೇ ಏಕೆ ಬೆಳೆಯಬಾರದು?” ಲೆಕ್ಕ ಸರಿ. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ನಮ್ಮ ದೇಹಕ್ಕೆ ಸಂಬಂಧಿಸಿದ್ದು. ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳಿಂದ ಆಗಿದೆ. ಇವುಗಳಲ್ಲಿ 9 ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ಅಮೈನೋ ಆಮ್ಲಗಳನ್ನು ಅಕ್ಷರಗಳೆಂದು ತಿಳಿಯಿರಿ. ನಿಮ್ಮ ಬಳಿ ಹತ್ತು ‘ಕ’, ಹತ್ತು ‘ಲ’, ಮೂರೇ ಮೂರು ‘ಮ’ ಅಕ್ಷರದ ಚೀಟಿಗಳಿವೆ. ‘ಕಮಲ’ ಎಂಬ ಪದವನ್ನು ಎಷ್ಟು ಸಲ ಜೋಡಿಸಬಲ್ಲಿರಿ? ಮೂರೇ ಸಲ. ಅಕ್ಕಿ, ಗೋಧಿಗಳಲ್ಲಿ ಲೈಸೀನ್ ಎಂಬ ‘ಅಕ್ಷರ’ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನೀನ್ ಧಾನ್ಯಗಳಲ್ಲಿದೆ. ಅನ್ನ–ಸಾರು, ಮುದ್ದೆ–ಹುಳಿ, ಅಕ್ಕಿ–ಉದ್ದಿನ ಇಡ್ಲಿ: ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಎರಡನೆಯದು ಮಣ್ಣಿಗೆ ಸಂಬಂಧಿಸಿದ್ದು. ‘ಸಸಾರಜನಕ’ ಎಂಬ ಹೆಸರಿನಲ್ಲೇ ‘ಸಾರಜನಕ’ ಅಡಗಿದೆ. ಸಾರಜನಕವಿಲ್ಲದೆ ಪ್ರೋಟೀನು ಇಲ್ಲ. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವೇ ಇದ್ದರೂ ಗೋಧಿ ಗಿಡ ಅದನ್ನು ನೇರವಾಗಿ ಬಳಸಲಾರದು. ಅದಕ್ಕಾಗಿ ಯೂರಿಯ ಹಾಕುತ್ತೇವೆ. ಯೂರಿಯ ತಯಾರಿಸಲು ನೈಸರ್ಗಿಕ ಅನಿಲ ಬೇಕು. ಅದನ್ನೂ ನಾವು ಹೊರಗಿನಿಂದ ತರಿಸುತ್ತೇವೆ. ಗೋಧಿ, ಭತ್ತ ನೀರನ್ನೂ ಹೆಚ್ಚು ಬೇಡುತ್ತವೆ. ಪಂಜಾಬಿನಲ್ಲಿ ಅಂತರ್ಜಲ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಬೇರಿನಲ್ಲೇ ಗೊಬ್ಬರದ ಕಾರ್ಖಾನೆ

ತೊಗರಿ, ಹೆಸರು, ಕಡಲೆ, ಅಲಸಂದೆ ಮುಂತಾದ ದ್ವಿದಳ ಧಾನ್ಯದ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಅವು ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ಬದಲಿಸಿಕೊಡುತ್ತವೆ. ಉದುರಿದ ಎಲೆ ಮತ್ತು ಕೊಳೆತ ಬೇರಿನಿಂದ ಮುಂದಿನ ಬೆಳೆಗೂ ಸ್ವಲ್ಪ ಸಾರಜನಕ ಉಳಿಯುತ್ತದೆ. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಹಾಕುವ ನಮ್ಮ ರೈತರ ಪದ್ಧತಿಯಲ್ಲಿ ಎಂಥ ವಿಜ್ಞಾನವಿದೆ ನೋಡಿ!

ಇಳುವರಿ ಹೆಚ್ಚಬಹುದೇ?

ಹೆಚ್ಚಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ನೆಟೆ ರೋಗ ತಗಲಿದರೆ ತೊಗರಿ ಗಿಡ ಒಣಗಿ ಸಾಯುತ್ತದೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಇದಕ್ಕೆ ಕಾರಣ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಈ ರೋಗ ತಾಳಬಲ್ಲ ತಳಿಯನ್ನು ಆರಿಸಿದರು. ‘ಮಾರುತಿ’ ಎಂಬ ಹೆಸರಿನಲ್ಲಿ 1986ರಲ್ಲಿ ಅದು ನಮ್ಮ ರಾಜ್ಯಕ್ಕೆ ಬಂದು, ಉತ್ತರ ಕರ್ನಾಟಕದ ಹೊಲಗಳಲ್ಲಿ ಹರಡಿತು. 2011ರಲ್ಲಿ ತೊಗರಿಯ ವಂಶವಾಹಿಗಳ ನಕ್ಷೆಯೂ ಸಿದ್ಧವಾಯಿತು. ಇದರಿಂದ ಹೊಸ ತಳಿಗಳನ್ನು ಬೇಗ ರೂಪಿಸಲು ಸಾಧ್ಯ. ಕಾಯಿಕೊರಕ ಹುಳುವಿನ ಕಾಟಕ್ಕೆ ಗಿಡ ಅಲುಗಾಡಿಸಿ ಹುಳು ಉದುರಿಸುವ ಹಳೆಯ ಉಪಾಯವೂ ಉಂಟು.

ಆದರೆ ಬೀಜ ಒಂದೇ ಸಾಲದು. 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿತು. 2015ರ ಕೊನೆಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ರೈತರು ಹೆಚ್ಚು ಬಿತ್ತಿದರು, ಮಳೆಯೂ ಚೆನ್ನಾಗಿ ಬಂತು. ದೇಶದ ಬೇಳೆಕಾಳಿನ ಉತ್ಪಾದನೆ 1.6 ಕೋಟಿ ಟನ್‌ನಿಂದ 2.3 ಕೋಟಿ ಟನ್‌ಗೆ ಏರಿತು. ಆಗ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ. ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಹೆಚ್ಚು ಬೆಳೆದ ರೈತನೇ ನಷ್ಟ ಅನುಭವಿಸಿದರೆ ಮುಂದಿನ ವರ್ಷ ಅವನು ತೊಗರಿ ಬಿತ್ತುವನೇ?

ಹಾಗಾದರೆ ಉತ್ತರವೇನು?

ಭಾರತ ಸುಮಾರು 2.8 ಕೋಟಿ ಹೆಕ್ಟೇರಿನಲ್ಲಿ ಬೇಳೆಕಾಳು ಬೆಳೆಯುತ್ತದೆ. ಅಷ್ಟೇ ಭೂಮಿಯಲ್ಲಿ ಹೆಕ್ಟೇರಿಗೆ 900 ಕಿಲೋ ಬದಲು 1,250 ಕಿಲೋ ಬಂದರೆ 3.5 ಕೋಟಿ ಟನ್ ಆಗುತ್ತದೆ. 2025ರಲ್ಲಿ ಆರಂಭವಾದ ರಾಷ್ಟ್ರೀಯ ಬೇಳೆಕಾಳು ಅಭಿಯಾನದ ಗುರಿಯೂ ಇಷ್ಟೇ: 2030-31ರೊಳಗೆ 3.5 ಕೋಟಿ ಟನ್. ಆಗ ಇಂದಿನ ಜನಸಂಖ್ಯೆಗೆ ದಿನಕ್ಕೆ ತಲಾ 66 ಗ್ರಾಂ ಸಿಗುತ್ತದೆ. ಉಳಿದದ್ದನ್ನು ಮೊಟ್ಟೆ, ಮೀನು, ಹಾಲು ತುಂಬಬಹುದು. ಹಸು, ಎಮ್ಮೆಗಳು ನಾವು ತಿನ್ನಲಾಗದ ಹುಲ್ಲು ಮತ್ತು ತೊಗರಿ ಹೊಟ್ಟನ್ನು ಹಾಲಾಗಿಸುತ್ತವೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಉತ್ತರ: ನಾವೇ ಬೆಳೆಯಬಲ್ಲೆವು. ಆದರೆ ಒಳ್ಳೆಯ ಬೀಜ, ಹೂ ಬಿಡುವ ಹೊತ್ತಿಗೆ ಒಂದೆರಡು ಸಲ ನೀರು, ಬೆಳೆದವನಿಗೆ ನ್ಯಾಯವಾದ ಬೆಲೆ – ಈ ಮೂರೂ ಕೂಡಿ ಬರಬೇಕು. ಮೂರರಲ್ಲಿ ಒಂದು ತಪ್ಪಿದರೂ ‘ಮ’ ಇಲ್ಲದ ‘ಕಮಲ’ದಂತೆ ಕೆಲಸ ನಿಲ್ಲುತ್ತದೆ.

ಮಾಡಿ ನೋಡಿ

ಶಾಲಾ ತೋಟದಲ್ಲಿ ಒಂದು ಸಾಲು ಹೆಸರು, ಒಂದು ಸಾಲು ರಾಗಿ ಬಿತ್ತಿ. 40 ದಿನಗಳ ನಂತರ ಬೇರು ಹರಿಯದಂತೆ ಎರಡೂ ಬಗೆಯ ಒಂದೊಂದು ಗಿಡವನ್ನು ಅಗೆದು ತೆಗೆದು, ನೀರಿನಲ್ಲಿ ಮೆಲ್ಲನೆ ತೊಳೆಯಿರಿ. ಗಂಟುಗಳು ಯಾವ ಬೇರಿನಲ್ಲಿವೆ? ಎಣಿಸಿ ಬರೆದುಕೊಳ್ಳಿ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ‘ಕಾರ್ಖಾನೆ’ ಕೆಲಸ ಮಾಡುತ್ತಿದೆ ಎಂದರ್ಥ.

ಯೋಚಿಸಿ

1. ಬಿಸಿಯೂಟದ 150 ಗ್ರಾಂ ಅಕ್ಕಿ ಮತ್ತು 30 ಗ್ರಾಂ ತೊಗರಿ ಬೇಳೆಯಿಂದ ನಿಮಗೆ ಎಷ್ಟು ಗ್ರಾಂ ಪ್ರೋಟೀನು ದೊರೆಯುತ್ತದೆ?
2. ನಿಮ್ಮ ಊರಿನಲ್ಲಿ ಯಾವ ಬೇಳೆಕಾಳು ಬೆಳೆಯುತ್ತಾರೆ? ಮೊದಲು ಬೆಳೆಯುತ್ತಿದ್ದು ಈಗ ಬಿಟ್ಟಿರುವುದು ಯಾವುದು, ಏಕೆ? ಹಿರಿಯರನ್ನು ಕೇಳಿ ತಿಳಿಯಿರಿ.