ಸರ್ವರಿನ ಸ್ಮೃತಿ ಮತ್ತು ಅದನ್ನು ಕಬಳಿಸುವ ಪ್ರಕ್ರಿಯೆಗಳು

“ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದವರು ಇಂದು ನಮ್ಮ ಉಬ್ರಾಣಿ ಹೋಬಳಿಯಲ್ಲಿ ವಿರಳ. ಪಹಣಿಗೆ ಹೋದ ರೈತನಿಗೂ, ಆದಾಯ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಂತ ವಿದ್ಯಾರ್ಥಿಗೂ, ಪಡಿತರಕ್ಕಾಗಿ ಬೆರಳಚ್ಚು ಕೊಡುವ ಗೃಹಿಣಿಗೂ ಈ ಮಾತು ಪರಿಚಿತವಾದುದೇ. ಸುಮಾರು 2000ದ ವೇಳೆಗೆ ‘ಭೂಮಿ’ ಯೋಜನೆಯ ಮೂಲಕ ನಾಡಿನ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಅಂದಿನಿಂದ ಒಂದೊಂದಾಗಿ ನಮ್ಮ ವ್ಯವಹಾರಗಳೆಲ್ಲವೂ ಅದೇ ದಾರಿಯನ್ನು ಹಿಡಿದಿವೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾದಾಗ ಸೇವಾಸಿಂಧು ತಾಣದ ಮುಂದೆ ಜನ ಮುಗಿಬಿದ್ದು, ಸರ್ವರ್ ನಿಧಾನವಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಪ್ರತಿವರ್ಷ ಎಂಟು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಕಾಯುವುದೂ ಸರ್ವರಿನ ಮುಂದೆಯೇ.

ಸರ್ವರ್ ಸೋಲುವುದಕ್ಕೆ ಕಾರಣಗಳು ಹಲವು. ವಿದ್ಯುತ್ತು ಹೋಗಬಹುದು, ಸಂಪರ್ಕದ ತಂತಿ ಕಡಿಯಬಹುದು, ತಟ್ಟೆ ತುಂಬಬಹುದು. ಸ್ಮೃತಿಯ ಅಭಾವವೂ ಅಂತಹ ಒಂದು ಕಾರಣ. ಆ ಒಂದನ್ನು ಮಾತ್ರ ತೆಗೆದುಕೊಂಡು, ಅದನ್ನು ಕಬಳಿಸುತ್ತಿರುವುದು ಯಾವುದೆಂದು ಆಜ್ಞಾಸಾಲಿನಿಂದ ಕಂಡುಹಿಡಿಯುವ ಬಗೆಯನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಸ್ಮೃತಿ, ಪ್ರಕ್ರಿಯೆ, ಆಜ್ಞಾಸಾಲು

ಗಣಕಯಂತ್ರದಲ್ಲಿ ಓಡುತ್ತಿರುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಪ್ರಕ್ರಿಯೆ ಎಂದು ಹೆಸರು. ಅದು ಕೆಲಸ ಮಾಡುವಾಗ ತನಗೆ ಬೇಕಾದುದನ್ನು ಹರಡಿಕೊಳ್ಳುವ ಸ್ಥಳವೇ ಸ್ಮೃತಿ, ಅಂದರೆ ಮೆಮೊರಿ. ಸ್ಥಳ ಪರಿಮಿತವಾದುದು, ಬೇಡುವವರು ಅನೇಕರು. ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಅವಲಂಬಿಸಿವೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ವ್ಯವಸ್ಥೆ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1969ರಲ್ಲಿ ಹುಟ್ಟಿದ ಯೂನಿಕ್ಸಿನ ಮಾದರಿಯದು. ಅದರೊಡನೆ ಅಕ್ಷರಗಳ ಮೂಲಕ ಮಾತನಾಡುವ ಕ್ರಮವೇ ಆಜ್ಞಾಸಾಲು. ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆಯಾದರೂ ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಒತ್ತಬೇಕು.

1. ಅಭಾವವಿದೆಯೆ ಎಂಬುದನ್ನು ಮೊದಲು ನೋಡಬೇಕು

‘ಫ್ರೀ -ಎಂ’ ಎಂಬ ಆಜ್ಞೆಯನ್ನು ಕೊಟ್ಟರೆ ಒಟ್ಟು ಸ್ಮೃತಿ, ಖಾಲಿ ಇರುವುದು, ಕಡತಗಳ ನಕಲಿಗೆ ಬಳಕೆಯಾದುದು, ದೊರೆಯಬಹುದಾದುದು ಎಂಬ ಲೆಕ್ಕ ಮೆಗಾಬೈಟುಗಳಲ್ಲಿ ಬರುತ್ತದೆ. 8000 ಮೆಗಾಬೈಟಿನ ಯಂತ್ರದಲ್ಲಿ ಖಾಲಿ ಇರುವುದು ಕೇವಲ 300 ಎಂದು ಕಂಡೊಡನೆ ಹೊಸಬರು ಗಾಬರಿಗೊಳ್ಳುವುದುಂಟು. ಅದು ಸಲ್ಲದು.

ನಮ್ಮ ಸೀಮೆಯ ಅಡಿಕೆಯ ಕಾಲವನ್ನು ನೆನೆಯಿರಿ. ಅಂಗಳ ಸುಮ್ಮನೆ ಬಿದ್ದಿರಬಾರದೆಂದು ಬೇಯಿಸಿದ ಅಡಿಕೆಯನ್ನು ಅಲ್ಲಿ ಹರಡುತ್ತೇವೆ. ನೆಂಟರು ಬಂದರೆ ಒಂದು ಮೂಲೆಯನ್ನು ಬಳಿದು ಚಾಪೆ ಹಾಸುತ್ತೇವೆ. ಅಂಗಳ ತುಂಬಿದೆ, ಆದರೂ ಜಾಗಕ್ಕೆ ಕೊರತೆಯಿಲ್ಲ. ಲಿನಕ್ಸ್ ಕೂಡ ಬಿಡುವಾದ ಸ್ಮೃತಿಯಲ್ಲಿ ತಟ್ಟೆಯ ಕಡತಗಳ ನಕಲನ್ನು ಹರಡಿಕೊಂಡು, ಬೇಡಿಕೆ ಬಂದಾಗ ಅದರ ಬಹುಭಾಗವನ್ನು ಬಿಟ್ಟುಕೊಡುತ್ತದೆ. ಆದುದರಿಂದ ‘ಫ್ರೀ’ ಎಂಬ ಅಂಕಣವನ್ನು ಬಿಟ್ಟು ‘ಅವೈಲಬಲ್’ ಎಂಬ ಕೊನೆಯ ಅಂಕಣವನ್ನು ಓದಬೇಕು. ಅಲ್ಲಿ 4800 ಎಂದಿದ್ದರೆ ಯಂತ್ರ ಕ್ಷೇಮವಾಗಿದೆ. ಈ ಅಂದಾಜನ್ನು ಲಿನಕ್ಸ್ ತಾನೇ ಕೊಡತೊಡಗಿದುದು 2014ರಿಂದ ಈಚೆಗೆ.

ಆ ಅಂಕಣವೂ ಕುಸಿದಿದ್ದರೆ ‘ವಿಎಂಸ್ಟ್ಯಾಟ್ 5’ ಎಂದು ಕೊಟ್ಟು ಕಾಯಬೇಕು. ಐದು ಸೆಕೆಂಡಿಗೊಮ್ಮೆ ಒಂದು ಸಾಲು ಬರುತ್ತದೆ. ಮೊದಲ ಸಾಲು ಯಂತ್ರ ಆರಂಭವಾದಂದಿನಿಂದ ಈವರೆಗಿನ ಸರಾಸರಿಯಾದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮುಂದಿನ ಸಾಲುಗಳಲ್ಲಿ ‘ಎಸ್‌ಐ’, ‘ಎಸ್‌ಒ’ ಎಂಬ ಅಂಕಣಗಳು ಎಡೆಬಿಡದೆ ದೊಡ್ಡ ಸಂಖ್ಯೆಗಳನ್ನು ತೋರಿಸಿದರೆ, ಸ್ಮೃತಿಯಲ್ಲಿ ಹಿಡಿಸದುದು ತಟ್ಟೆಗೆ ಹೋಗಿ ಬರುತ್ತಿದೆ ಎಂದರ್ಥ. ಯಂತ್ರ ಏದುಸಿರು ಬಿಡುತ್ತಿರುವುದರ ಲಕ್ಷಣವಿದು.

2. ಯಾರು ಎಷ್ಟನ್ನು ಹಿಡಿದಿದ್ದಾರೆ?

ಈಗ ‘ಪಿಎಸ್ ಎಯುಎಕ್ಸ್ --ಸಾರ್ಟ್=-%ಮೆಮ್’ ಎಂಬ ಆಜ್ಞೆಯನ್ನು ಕೊಡಬೇಕು. ಹೆಚ್ಚು ಸ್ಮೃತಿ ಹಿಡಿದ ಪ್ರಕ್ರಿಯೆ ಮೊದಲಾಗಿ ಪಟ್ಟಿ ಬರುತ್ತದೆ. ಕ್ಷಣಕ್ಷಣದ ಬದಲಾವಣೆಯನ್ನು ಕಾಣಬೇಕಾದರೆ ‘ಟಾಪ್’ ಉಂಟು. 1984ರಲ್ಲಿ ವಿಲಿಯಂ ಲಫೀವರ್ ಬರೆದ ಮೂಲ ಸಾಧನದ ಮಾದರಿಯ ಇದು ಓಡುತ್ತಿರುವಾಗ ದೊಡ್ಡಕ್ಷರದ ‘ಎಂ’ ಒತ್ತಿದರೆ ಪಟ್ಟಿ ಸ್ಮೃತಿಯ ಕ್ರಮಕ್ಕೆ ತಿರುಗುತ್ತದೆ.

ಪಿಎಸ್ ಪಟ್ಟಿಯ ‘ವಿಎಸ್‌ಝಡ್’ ಮತ್ತು ‘ಆರ್‌ಎಸ್‌ಎಸ್’ ಎಂಬ ಎರಡು ಅಂಕಣಗಳ ಭೇದವನ್ನು ಚೆನ್ನಾಗಿ ಅರಿಯಬೇಕು. ಎರಡೂ ಕಿಲೋಬೈಟುಗಳಲ್ಲಿವೆ. ಪಹಣಿಯಲ್ಲಿ ಒಬ್ಬನ ಹೆಸರಿಗೆ ಹತ್ತು ಎಕರೆ ಇರಬಹುದು. ಆತ ಈ ವರ್ಷ ಸಾಗುವಳಿ ಮಾಡಿರುವುದು ಮೂರೇ ಎಕರೆ ಇರಬಹುದು. ವಿಎಸ್‌ಝಡ್ ಎಂಬುದು ಹೆಸರಿಗಿರುವ ವಿಸ್ತೀರ್ಣ. ಆರ್‌ಎಸ್‌ಎಸ್ ಎಂಬುದು ನಿಜವಾಗಿ ಉತ್ತ ನೆಲ. ವಿಎಸ್‌ಝಡ್ ಎಷ್ಟೇ ದೊಡ್ಡದಾಗಿದ್ದರೂ ಅದರಿಂದಲೇ ಪ್ರಕ್ರಿಯೆಯನ್ನು ದೂಷಿಸಲಾಗದು. ನೋಡಬೇಕಾದುದು ಆರ್‌ಎಸ್‌ಎಸ್.

ಅದರಲ್ಲಿಯೂ ಒಂದು ತೊಡಕುಂಟು. ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ನಾಲ್ವರಿದ್ದಾರೆ ಎನ್ನೋಣ. “ನೀನಿರುವ ಕೊಠಡಿ ಎಷ್ಟು ದೊಡ್ಡದು?” ಎಂದು ಪ್ರತಿಯೊಬ್ಬನನ್ನೂ ಕೇಳಿದರೆ ಪ್ರತಿಯೊಬ್ಬನೂ “200 ಚದರಡಿ” ಎನ್ನುತ್ತಾನೆ. ಕೂಡಿದರೆ 800; ಕೊಠಡಿ ಇರುವುದು 200 ಮಾತ್ರ. ಹಲವು ಪ್ರಕ್ರಿಯೆಗಳು ಹಂಚಿಕೊಂಡ ಸ್ಮೃತಿಯನ್ನು ಆರ್‌ಎಸ್‌ಎಸ್ ಹೀಗೆಯೇ ಪ್ರತಿಯೊಂದರ ಲೆಕ್ಕಕ್ಕೂ ಪೂರ್ತಿಯಾಗಿ ಸೇರಿಸುತ್ತದೆ. ತಲಾ 50ರಂತೆ ನ್ಯಾಯವಾಗಿ ಹಂಚಿ ಹೇಳುವ ಅಳತೆ ‘ಪಿಎಸ್‌ಎಸ್’. 2008ರಿಂದ ಲಿನಕ್ಸಿನಲ್ಲಿರುವ ಈ ಅಂಕಿಯನ್ನು, ‘ಪ್ರಾಕ್’ ಕಡತಕೋಶದಲ್ಲಿ ಆಯಾ ಪ್ರಕ್ರಿಯೆಯ ಸಂಖ್ಯೆಯ ಅಡಿಯಲ್ಲಿರುವ ‘ಎಸ್‌ಮ್ಯಾಪ್ಸ್_ರೋಲಪ್’ ಎಂಬ ಕಡತದಲ್ಲಿ ಓದಬಹುದು.

3. ಒಂದು ಅನುಭವ

ಇಷ್ಟನ್ನು ಬಲ್ಲವನಾಗಿಯೂ ನಾನು ಒಮ್ಮೆ ತಪ್ಪಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸರ್ವರನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಪ್ರವೇಶದ ಅರ್ಜಿಗೆ ಅದು ಕೊನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಯಂತ್ರ ನಿಂತೇಹೋಯಿತೆನ್ನುವಷ್ಟು ನಿಧಾನವಾಯಿತು. ಪಟ್ಟಿಯನ್ನು ತೆಗೆದೆ. ಮೊದಲ ಸಾಲಿನಲ್ಲಿ ದತ್ತಾಂಶಕೋಶದ ಪ್ರಕ್ರಿಯೆ 2500 ಮೆಗಾಬೈಟ್ ಹಿಡಿದು ಕುಳಿತಿತ್ತು. ಎರಡನೆಯ ಸಾಲನ್ನೂ ಓದದೆ ‘ಕಿಲ್ -9’ ಎಂದು ಅದನ್ನು ಕೊಂದೆ.

ಯಂತ್ರ ಹಗುರಾಯಿತು, ನಿಜ. ಆದರೆ ಅರ್ಜಿಗಳನ್ನು ಸ್ವೀಕರಿಸುತ್ತಿದ್ದುದೇ ಆ ದತ್ತಾಂಶಕೋಶ. ಅದನ್ನು ಮರಳಿ ಎಬ್ಬಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಯಂತ್ರ ಮತ್ತೆ ಮೊದಲಿನಂತೆಯೇ ನಿಂತಿತು. ಸಂಜೆ ಪಟ್ಟಿಯನ್ನು ಸಾವಧಾನವಾಗಿ ಓದಿದಾಗ ಸತ್ಯ ತಿಳಿಯಿತು. ಅಂಕಪಟ್ಟಿಯ ಪ್ರತಿಯನ್ನು ಸಿದ್ಧಪಡಿಸುವ ಒಂದು ಸಣ್ಣ ಕಾರ್ಯಕ್ರಮ ಪ್ರತಿಸಲ ಕೆಲಸ ಮುಗಿಸಿದ ಮೇಲೂ ಕೊನೆಗೊಳ್ಳದೆ ಹಾಗೆಯೇ ಉಳಿಯುತ್ತಿತ್ತು. ಅಂತಹ 40 ಪ್ರತಿಗಳು, ಒಂದೊಂದೂ ಸುಮಾರು 110 ಮೆಗಾಬೈಟಿನವು, ಪಟ್ಟಿಯಲ್ಲಿದ್ದವು. ಒಂದೊಂದಾಗಿ ನೋಡಿದರೆ ಅಲ್ಪ, ಕೂಡಿಸಿದರೆ 4400. ಹಂಚಿಕೆಯ ಭಾಗವನ್ನು ಕಳೆದರೂ ಅಪರಾಧಿ ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ದತ್ತಾಂಶಕೋಶವಾದರೋ ಅಂದು ಬೆಳಿಗ್ಗೆ ಹಿಡಿದಷ್ಟನ್ನೇ ಸಂಜೆಯೂ ಹಿಡಿದಿತ್ತು. ಅದಕ್ಕೆ ಗೊತ್ತುಮಾಡಿದ ಪಾಲೇ ಅಷ್ಟು. ಎರಡು ಬಸ್ಸು ಬದಲಿಸಿ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಅಂದು ಅರ್ಜಿ ಸಲ್ಲಿಸಲಾರದೆ ಹಿಂದಿರುಗಿದಳು. ಆಕೆಗೆ “ಸರ್ವರ್ ಇಲ್ಲ” ಎಂದರು. ಸರ್ವರ್ ಇತ್ತು, ಪಟ್ಟಿಯನ್ನು ಪೂರ್ತಿ ಓದುವ ತಾಳ್ಮೆ ನನಗಿರಲಿಲ್ಲ.

4. ತೀರ್ಮಾನಕ್ಕೆ ಮುನ್ನ ಗಮನಿಸಬೇಕಾದುವು

ಈ ಅನುಭವದಿಂದ ನಾನು ಕಲಿತುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಒಂದೇ ಹೆಸರಿನ ಪ್ರಕ್ರಿಯೆಗಳನ್ನು ಒಟ್ಟುಗೂಡಿಸಿ ನೋಡಬೇಕು. ‘ಪಿಎಸ್ -ಇಒ ಕಾಮ್,ಆರ್‌ಎಸ್‌ಎಸ್ --ಸಾರ್ಟ್=ಕಾಮ್’ ಎಂಬ ಆಜ್ಞೆ ಅವುಗಳನ್ನು ಹೆಸರಿನ ಕ್ರಮದಲ್ಲಿ ಒಂದೆಡೆ ತಂದಿಡುತ್ತದೆ.

ಎರಡನೆಯದು, ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಂಟೆಗೊಮ್ಮೆ ಆರ್‌ಎಸ್‌ಎಸ್ ಬರೆದಿಟ್ಟುಕೊಂಡರೆ, ದೊಡ್ಡದಾದರೂ ಸ್ಥಿರವಾಗಿರುವುದು ಯಾವುದು, ಚಿಕ್ಕದಾದರೂ ಇಳಿಯದೆ ಬೆಳೆಯುತ್ತಲೇ ಇರುವುದು ಯಾವುದು ಎಂಬುದು ತಿಳಿಯುತ್ತದೆ. ಪಡೆದುದನ್ನು ಹಿಂದಿರುಗಿಸದ ಈ ದೋಷಕ್ಕೆ ಸ್ಮೃತಿಸೋರಿಕೆ ಎಂದು ಹೆಸರು.

ಮೂರನೆಯದು, ಲಿನಕ್ಸ್ ತಾನೇ ಯಾವುದನ್ನಾದರೂ ಕೊಂದಿದೆಯೆ ಎಂದು ‘ಡಿಮೆಸ್ಸೇಜ್’, ಅಂದರೆ ‘ಡಿ-ಎಂ-ಇ-ಎಸ್-ಜಿ’ ಎಂದು ಒತ್ತುವ ಆಜ್ಞೆಯಿಂದ ನೋಡಬೇಕು. ಸ್ಮೃತಿ ಪೂರ್ತಿ ಬತ್ತಿದಾಗ ಅದು ಮುಖ್ಯವಾಗಿ ಗಾತ್ರವನ್ನೇ ನೋಡಿ ಒಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗಾಣಿಸುತ್ತದೆ. ‘ಔಟ್ ಆಫ್ ಮೆಮೊರಿ’ ಎಂಬ ಸಾಲಿನಲ್ಲಿ ಸತ್ತವನ ಹೆಸರಿರುತ್ತದೆ. ಸತ್ತವನೇ ಅಪರಾಧಿಯಾಗಿರಬೇಕೆಂದಿಲ್ಲ.

ನಾಲ್ಕನೆಯದು, ನಿಲ್ಲಿಸಲೇಬೇಕಾದರೆ ಬರಿಯ ‘ಕಿಲ್’ ಆಜ್ಞೆಯನ್ನು ಪ್ರಕ್ರಿಯೆಯ ಸಂಖ್ಯೆಯೊಡನೆ ಕೊಡಬೇಕು. ಅದು ವಿನಂತಿ, ಕೈಯಲ್ಲಿರುವ ಕೆಲಸವನ್ನು ಮುಗಿಸಿ ಹೊರಡಲು ಪ್ರಕ್ರಿಯೆಗೆ ಅವಕಾಶವಿರುತ್ತದೆ. ‘-9’ ಎಂಬುದಕ್ಕೆ ಅಂತಹ ಅವಕಾಶವಿಲ್ಲ. ಅದು ಕಟ್ಟಕಡೆಯ ಉಪಾಯ.

ಉಪಸಂಹಾರ

ಹೇಳಿದ ಆಜ್ಞೆಗಳಲ್ಲಿ ‘ಕಿಲ್’ ಹೊರತು ಉಳಿದುವೆಲ್ಲ ಕೇವಲ ನೋಡುವಂತಹವು. ಅವುಗಳಿಂದ ಯಂತ್ರಕ್ಕೆ ಹಾನಿಯಿಲ್ಲ. ಲಿನಕ್ಸ್ ಇರುವ ಯಾವುದೇ ಗಣಕದಲ್ಲಿ ವಿದ್ಯಾರ್ಥಿಗಳು ಅವನ್ನು ನಿರ್ಭಯವಾಗಿ ಅಭ್ಯಾಸ ಮಾಡಬಹುದು. ನಾಳೆ ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿಯೋ ದಾವಣಗೆರೆಯಲ್ಲಿಯೋ ಇಂತಹ ಯಂತ್ರದ ಮುಂದೆ ಕುಳಿತುಕೊಳ್ಳುವಿರಿ. ಅದರ ಇನ್ನೊಂದು ತುದಿಯಲ್ಲಿ, ಉಬ್ರಾಣಿಯಂತಹ ಊರಿನಲ್ಲಿ, ಒಬ್ಬರು ಬಿಸಿಲಿನಲ್ಲಿ ಸಾಲು ನಿಂತಿರುತ್ತಾರೆ. ಪಟ್ಟಿಯ ಮೊದಲ ಸಾಲಿನಲ್ಲಿರುವುದೆಲ್ಲ ತಪ್ಪಿತಸ್ಥನಲ್ಲ ಎಂಬುದನ್ನು ಆಗ ನೆನಪಿಟ್ಟುಕೊಂಡು, ಎರಡನೆಯ ಸಾಲನ್ನೂ ಓದಿರಿ.