ಸ್ಮಾರಕ ಬಹುಮಾನವೂ ಕ್ರೈಸ್ತ ನಾಯಕತ್ವವೂ



ನಮ್ಮ ಶಾಲೆಯಲ್ಲಿ ಬಹುಕಾಲ ಅಂಗಸಾಧನೆಯ ಉಪಾಧ್ಯಾಯಿನಿಯಾಗಿದ್ದು ಕರ್ತನಲ್ಲಿ ನಿದ್ರೆಹೊಂದಿದ ನಮ್ಮ ಸಹೋದರಿಯವರ ಸ್ಮರಣಾರ್ಥವಾಗಿ ಒಂದು ಬಹುಮಾನವನ್ನು ಏರ್ಪಡಿಸಬೇಕೆಂದು ನಿಮ್ಮಲ್ಲಿ ಅನೇಕರು ಹಣ ಕೂಡಿಸಿರುವಿರಿ. ಆಟೋಟಗಳಲ್ಲಿ ಕ್ರೈಸ್ತ ನಾಯಕತ್ವವನ್ನು ತೋರಿದ ವಿದ್ಯಾರ್ಥಿನಿಗೆ ಅದು ಸಲ್ಲತಕ್ಕದ್ದೆಂದೂ ಅಪೇಕ್ಷಿಸಿರುವಿರಿ. ಬೆಳ್ಳಿಯ ಬಟ್ಟಲನ್ನು ಕೊಳ್ಳುವುದು ಸುಲಭ. ಅದನ್ನು ಯಾರ ಕೈಯಲ್ಲಿಡಬೇಕೆಂಬುದು ಕಷ್ಟ. ಆ ಪ್ರಶ್ನೆಯನ್ನು ನಿಮ್ಮೊಡನೆ ಕುಳಿತು ಒಂದು ಪಾಠದಂತೆ ವಿಚಾರಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು, ಸ್ಮಾರಕವೆಂದರೇನು? ಇದಕ್ಕೆ ಉತ್ತರ ನಮ್ಮ ಮೈಸೂರಿನಲ್ಲಿಯೇ ಇದೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು ಅರಿಯದ ಮನೆ ಊರಿನಲ್ಲಿ ವಿರಳ. ಮಿಷನರಿಯೊಬ್ಬರ ಪತ್ನಿಯಾದ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬುವರ ನೆನಪಿಗಾಗಿ ಅದು 1906ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಹೆತ್ತು ಮಗುವನ್ನೆತ್ತಿಕೊಂಡು ಮನೆಗೆ ಹೋದ ತಾಯಂದಿರಲ್ಲಿ ಆ ಹೆಸರನ್ನು ಕೇಳಿದವರು ಎಷ್ಟು ಮಂದಿ? ಆದರೂ ಸ್ಮಾರಕದ ಕೆಲಸವು ನಡೆಯಿತು. ಅಗಲಿದವರ ಪ್ರೀತಿಯು ಉಳಿದವರ ಕೈಗಳಲ್ಲಿ ಮುಂದುವರಿಯುವುದಾದರೆ ಅದೇ ಸ್ಮಾರಕ. ಹಾಗಲ್ಲದ ಪಕ್ಷದಲ್ಲಿ ಬಟ್ಟಲು ಗಾಜಿನ ಬೀರುವಿನ ಒಂದು ಅಲಂಕಾರ ಮಾತ್ರ.

ಎರಡನೆಯದಾಗಿ, ಆಟಕ್ಕೂ ವಿಶ್ವಾಸಕ್ಕೂ ಏನು ಸಂಬಂಧ? ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಓಟದ ಪಂದ್ಯವನ್ನು ದೃಷ್ಟಾಂತವಾಗಿ ಹೇಳುತ್ತಾನೆ. ಕೊರಿಂಥಕ್ಕೆ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ಇಸ್ಥ್ಮಿಯದ ಪಂದ್ಯಗಳು ಜರುಗುತ್ತಿದ್ದವು. ಗೆದ್ದವರ ತಲೆಗೆ ಎಲೆಗಳ ಕಿರೀಟವನ್ನಿಡುತ್ತಿದ್ದರು. ಬಾಡಿಹೋಗುವ ಕಿರೀಟವೆಂದು ಪೌಲನು ಹೇಳಿದ್ದನ್ನು ಓದುಗರು ಕಣ್ಣಾರೆ ಕಂಡಿದ್ದವರೇ. ಆದರೆ ನಾವು ಸಾಮಾನ್ಯವಾಗಿ ಗಮನಿಸದಿರುವ ಸಂಗತಿಯೊಂದಿದೆ. ಅದೇ ಅಧ್ಯಾಯದಲ್ಲಿ, ಓಟದ ಮಾತಿಗೆ ಮುಂಚೆ, ಪೌಲನು ತನಗೆ ನ್ಯಾಯವಾಗಿ ಸಲ್ಲತಕ್ಕ ಹಕ್ಕುಗಳನ್ನು ಇತರರಿಗಾಗಿ ಬಿಟ್ಟುಕೊಟ್ಟೆನೆಂದೂ ಎಲ್ಲರಿಗೂ ದಾಸನಾದೆನೆಂದೂ ಹೇಳಿರುತ್ತಾನೆ. ಬಿಟ್ಟುಕೊಡುವುದನ್ನು ಕಲಿತ ಮೇಲೆ ಓಟದ ಪಾಠ. ಈ ಕ್ರಮವನ್ನು ನೆನಪಿನಲ್ಲಿಡೋಣ.

ಇದನ್ನು ನಡೆದು ತೋರಿಸಿದ ಓಟಗಾರರು ಎರಿಕ್ ಲಿಡೆಲ್ಲರು. ಇವರ ತಂದೆತಾಯಿಗಳು ಲಂಡನ್ ಮಿಷನರಿ ಸೊಸೈಟಿಗೆ ಸೇರಿದ್ದ ಸ್ಕಾಟ್ಲೆಂಡಿನವರು. 1810ರಲ್ಲಿ ಬಳ್ಳಾರಿಗೆ ಜಾನ್ ಹ್ಯಾಂಡ್ಸರನ್ನು ಕಳುಹಿಸಿದ ಸಂಸ್ಥೆಯೂ ಅದೇ. ಆದುದರಿಂದ ಕನ್ನಡಿಗರಿಗೆ ಅದು ಅಪರಿಚಿತವಲ್ಲ. ಲಿಡೆಲ್ಲರು 1902ರಲ್ಲಿ ಚೀನಾದ ಟಿಯಾಂಜಿನ್ ಪಟ್ಟಣದಲ್ಲಿ ಜನಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ ನೂರು ಮೀಟರ್ ಓಟದ ಪ್ರಥಮ ಸುತ್ತುಗಳು ಭಾನುವಾರ ನಡೆಯುವುವೆಂದು ತಿಳಿದು, ತಮಗೆ ಮೆಚ್ಚಿನದಾಗಿದ್ದ ಆ ಓಟವನ್ನೇ ಬಿಟ್ಟರು. 400 ಮೀಟರ್ ಓಟಕ್ಕೆ ಸಾಧನೆಮಾಡಿ, ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಪಡೆದರು. ಮರುವರ್ಷವೇ, ಕೀರ್ತಿಯ ಮಧ್ಯದಲ್ಲಿ, ಚೀನಾಕ್ಕೆ ಹೊರಟು ಟಿಯಾಂಜಿನ್ನಿನ ಕಾಲೇಜಿನಲ್ಲಿ ಉಪಾಧ್ಯಾಯರಾದರು.

ಇಲ್ಲಿಯವರೆಗಿನ ಕಥೆಯನ್ನು ಅನೇಕರು ಬಲ್ಲರು. ನಮ್ಮ ಪಾಠವಿರುವುದು ಮುಂದಿನ ಭಾಗದಲ್ಲಿ. ಯುದ್ಧಕಾಲದಲ್ಲಿ, 1943ರಲ್ಲಿ, ಜಪಾನೀಯರು ಅವರನ್ನು ವೆಯ್‌ಶಿಯೆನ್ ಎಂಬಲ್ಲಿನ ಬಂಧನ ಶಿಬಿರದಲ್ಲಿರಿಸಿದರು. ಸುಮಾರು 1,500 ಜನರು ಇಕ್ಕಟ್ಟಿನಲ್ಲಿದ್ದ ಆ ಆವರಣದಲ್ಲಿ ಹೆತ್ತವರಿಂದ ಅಗಲಿದ ಮಕ್ಕಳೂ ಬಹಳ ಇದ್ದರು. ಲಿಡೆಲ್ಲರು ಅವರಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು. ಭಾನುವಾರ ಆಟವಾಡಿಸಲು ಮೊದಲು ಅವರು ಒಪ್ಪಲಿಲ್ಲ. ಮಕ್ಕಳು ತಾವೇ ಹಾಕಿ ಆಡಿ, ತೀರ್ಪುಗಾರರಿಲ್ಲದೆ ಆಟವು ಜಗಳದಲ್ಲಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ಲರೇ ಮೈದಾನಕ್ಕೆ ಬಂದು ತೀರ್ಪುಗಾರರಾಗಿ ನಿಂತರೆಂದು ಶಿಬಿರದಲ್ಲಿದ್ದವರು ಸ್ಮರಿಸಿದ್ದಾರೆ. ತಮ್ಮ ಕೀರ್ತಿಗಾಗಿ ಮುರಿಯದ ನಿಯಮವನ್ನು ಮಕ್ಕಳ ಸಮಾಧಾನಕ್ಕಾಗಿ ಸಡಿಲಿಸಿದರು. ಮೊದಲನೆಯದರಲ್ಲಿ ಅವರ ದೃಢತೆ ಕಾಣುತ್ತದೆ, ಎರಡನೆಯದರಲ್ಲಿ ಪ್ರೀತಿ. ಇವೆರಡೂ ಕೂಡಿದುದೇ ನಾಯಕತ್ವ. 1945ರ ಫೆಬ್ರವರಿ 21ರಂದು, ಬಿಡುಗಡೆಯ ದಿನವನ್ನು ಕಾಣದೆ, ಮೆದುಳಿನ ಗಡ್ಡೆಯಿಂದ ಅವರು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 43 ವರ್ಷ. ತಮ್ಮ ಕಿರಿಯ ಮಗಳ ಮುಖವನ್ನು ಅವರು ನೋಡಿಯೇ ಇರಲಿಲ್ಲ.

ಅವರ ನೆನಪಿಗಾಗಿ ಸ್ಕಾಟ್ಲೆಂಡಿನಲ್ಲಿ ಒಂದು ಸಮಿತಿ ಏರ್ಪಟ್ಟು, ಅವರ ಮೂವರು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ನಿಧಿ ಕೂಡಿಸಿತು. 1946ರಿಂದ ಆ ದೇಶದ ಶಾಲೆಗಳ ವಾರ್ಷಿಕ ಆಟೋಟಗಳಲ್ಲಿ ಅತ್ಯುತ್ತಮ ಸಾಧನೆಗೆ ಅವರ ಹೆಸರಿನ ಪಾರಿತೋಷಕವೂ ಏರ್ಪಟ್ಟಿತು. ಇದು ಯೋಗ್ಯವಾದ ಗೌರವವೇ. ಆದರೆ ಯೋಚಿಸಿ ನೋಡಿರಿ: ಗಡಿಯಾರವು ಅಳೆದದ್ದು ಅವರ 47.6 ಸೆಕೆಂಡುಗಳನ್ನು. ಶಿಬಿರದ ದಿನಗಳನ್ನು ಅಳೆಯುವ ಗಡಿಯಾರವೆಲ್ಲಿ? ನಾಯಕತ್ವಕ್ಕೆ ಬಹುಮಾನ ಕೊಡಹೊರಟವರು ಉತ್ತರ ಹೇಳಬೇಕಾದದ್ದು ಈ ಪ್ರಶ್ನೆಗೇ.

ಈ ಪ್ರಶ್ನೆಗೆ ನಾವೇ ಒಮ್ಮೆ ತಪ್ಪು ಉತ್ತರ ಕೊಟ್ಟೆವು. ಅದನ್ನು ಮುಚ್ಚಿಟ್ಟು ಈ ಪಾಠವನ್ನು ಹೇಳುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕ್ರೀಡಾದಿನದ ಖೋಖೋ ಕೊನೆಯ ಪಂದ್ಯದಲ್ಲಿ, ಸಾಲಿನಲ್ಲಿ ಕುಳಿತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆತುರದಿಂದ ಖೋ ದೊರೆಯುವ ಮುಂಚೆಯೇ ಎದ್ದು ಎದುರಾಳಿಯನ್ನು ಮುಟ್ಟಿದಳು. ತೀರ್ಪುಗಾರರು ಕಾಣದೆ ಔಟ್ ಕೊಟ್ಟರು. ತಂಡದ ನಾಯಕಿಯು ಕೈಯೆತ್ತಿ ತಪ್ಪನ್ನು ತಿಳಿಸಿದಳು. ಒಂದೇ ಅಂಕದಿಂದ ಪಂದ್ಯ ಹೋಯಿತು. ಅಳುತ್ತಿದ್ದ ಚಿಕ್ಕ ಹುಡುಗಿಯನ್ನು ಯಾರೂ ಬೈಯದಂತೆ ತನ್ನ ಪಕ್ಕದಲ್ಲಿಯೇ ಕೂರಿಸಿಕೊಂಡು, ಸಂಜೆ ಒಂಟಿಕೊಪ್ಪಲಿನಿಂದ ಪಡುವಾರಹಳ್ಳಿಯ ಅವಳ ಮನೆಯವರೆಗೂ ಜೊತೆಗೆ ನಡೆದುಹೋದಳು. ಆ ದಿನ ನಾಯಕತ್ವದ ಬಹುಮಾನವನ್ನು ನಾವು ಮೂರು ಓಟಗಳನ್ನು ಗೆದ್ದ ಇನ್ನೊಬ್ಬಳಿಗೆ ಕೊಟ್ಟೆವು. ನಾಯಕಿಯು ಹಿಂದೂ ಮನೆತನದವಳು. ಕ್ರೈಸ್ತ ನಾಯಕತ್ವದ ಬಹುಮಾನ ಅವಳಿಗೆ ಹೇಗೆ ಸಲ್ಲುವುದೆಂದು ನಾವು ಯೋಚಿಸಿದೆವು. ಅವಳು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ನೀವು ಈಗ ಸ್ಮರಿಸುತ್ತಿರುವ ಉಪಾಧ್ಯಾಯಿನಿಯವರು ಸಾಯಂಕಾಲ ಬಾಗಿಲು ಹಾಕುವ ಹೊತ್ತಿಗೆ ಬಂದು, "ಅಮ್ಮನವರೇ, ಈ ಹೊತ್ತು ಕಾಲುಗಳಿಗೆ ಬಹುಮಾನ ಸಂದಿತು" ಎಂದಷ್ಟೇ ಹೇಳಿ ಹೋದರು. ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಅನ್ಯಮತದ ಹುಡುಗಿಗೆ ಕೊಟ್ಟರೆ ಕ್ರೈಸ್ತವೆಂಬ ಮಾತಿಗೆ ಅರ್ಥವೆಲ್ಲಿ ಉಳಿಯಿತೆಂದು ಕೆಲವರು ಕೇಳಬಹುದು. ನೆರೆಯವನು ಯಾರೆಂದು ಕೇಳಿದ ಶಾಸ್ತ್ರಿಗೆ ನಮ್ಮ ಕರ್ತನು ಆದರ್ಶವಾಗಿ ತೋರಿಸಿದ್ದು ಯಾರನ್ನು? ಯಾಜಕನನ್ನಲ್ಲ, ಲೇವಿಯನನ್ನಲ್ಲ, ಗಾಯಗೊಂಡವನ ಬಳಿ ನಿಂತ ಸಮಾರ್ಯದವನನ್ನು. ಕರ್ತನು ಹಾಗೆ ಗುರುತಿಸಿದ ಮೇಲೆ ನಾವು ಹಾಜರಿ ಪುಸ್ತಕದ ಮತದ ಅಂಕಣವನ್ನು ನೋಡಿ ಬಟ್ಟಲು ಕೊಡುವುದು ಹೇಗೆ? ಸೇವೆಯಿಂದಲೇ ದೊಡ್ಡವರಾಗಬೇಕೆಂಬ ಅಳತೆಯನ್ನು ಕೊಟ್ಟವನು ಆತನು. ಬಹುಮಾನವು ಕ್ರೈಸ್ತವಾಗಿರುವುದು ಆ ಅಳತೆಯಿಂದ.

ಆದುದರಿಂದ ನಿಮ್ಮ ಮುಂದೆ ಮೂರು ನಿಯಮಗಳನ್ನು ಇಡುತ್ತೇವೆ. ಒಂದು, ಆಟೋಟಗಳಲ್ಲಿ ಮನಸ್ಸಿಟ್ಟು ಭಾಗವಹಿಸಿದ ಯಾವ ವಿದ್ಯಾರ್ಥಿನಿಗಾದರೂ ಈ ಬಹುಮಾನ ಸಲ್ಲಬಹುದು; ಅಂಕಗಳ ಲೆಕ್ಕವೂ ಮತದ ಲೆಕ್ಕವೂ ಬೇಡ. ಎರಡು, ಆರಿಸುವ ಮೊದಲು ತಂಡದಲ್ಲಿ ಅತ್ಯಂತ ಕಿರಿಯಳನ್ನೂ, ಆಡಲು ಅವಕಾಶ ಸಿಗದೆ ಹೊರಗೆ ಕುಳಿತವಳನ್ನೂ ಕೇಳಬೇಕು. ನಾಯಕಿಯ ಗುಣವನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಮೂರು, ಕೂಡಿದ ಹಣವನ್ನೆಲ್ಲ ಬೆಳ್ಳಿಗೆ ಸುರಿಯದೆ, ಪಾದರಕ್ಷೆಗೂ ಬಸ್ಸಿನ ಖರ್ಚಿಗೂ ಅನುಕೂಲವಿಲ್ಲದ ಹುಡುಗಿಯರಿಗಾಗಿ ಒಂದು ಪಾಲನ್ನು ತೆಗೆದಿಡಬೇಕು.

ತಾಯಿತಂದೆಗಳಿಗೆ ಒಂದು ಬಿನ್ನಹ. ಪಂದ್ಯದ ದಿನ ಮನೆಗೆ ಬಂದ ಮಗಳನ್ನು, ಗೆದ್ದೆಯಾ ಎಂದು ಕೇಳುವಿರಿ, ಕೇಳಿರಿ. ಅದರ ಹಿಂದೆಯೇ, ಸೋತವರು ಯಾರ ಜೊತೆಯಲ್ಲಿ ಮನೆಗೆ ಹೋದರೆಂದೂ ಕೇಳಿರಿ.

ಅಂದು ಬಹುಮಾನ ತಪ್ಪಿದ ನಾಯಕಿಯು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬಳು. ಈ ಸಂಚಿಕೆಯು ಅವಳ ಕೈಯನ್ನೂ ಸೇರುವುದು. ಮಗಳೇ, ನಾವು ತಪ್ಪಿದೆವು. ಮೊದಲನೆಯ ಬಟ್ಟಲನ್ನು ಕೊಡುವ ದಿನ ನೀನು ಬಂದು, ನಿನ್ನ ಕೈಯಿಂದಲೇ ಅದನ್ನು ಕೊಡಬೇಕೆಂದು ಬೇಡುತ್ತೇವೆ.