4ಎಸ್ ಮೊದಲು ತುಂಬುತ್ತೆ, ಮೊದಲು ಖಾಲಿಯಾಗೋದೂ ಅದೇ. ಯಾಕೆ?

ಕಬ್ಬಿಣದ ಎಲೆಕ್ಟ್ರಾನ್ ವಿನ್ಯಾಸ ನಮಗೆಲ್ಲ ಗೊತ್ತು: ಆರ್ಗಾನ್‌ನಷ್ಟೇ 18 ಎಲೆಕ್ಟ್ರಾನ್, ಆಮೇಲೆ 4ಎಸ್‌ನಲ್ಲಿ 2, 3ಡಿಯಲ್ಲಿ 6. ಫೆರಸ್ ಅಯಾನ್ ಅಂದ ಕೂಡಲೇ ಗೊಂದಲ ಶುರು. ಕೊನೆಗೆ ತುಂಬಿದ್ದು 3ಡಿ ತಾನೇ ಅಂತ ಹಲವರು ಅಲ್ಲಿಂದಲೇ ಎರಡು ಎಲೆಕ್ಟ್ರಾನ್ ತೆಗೆಯುತ್ತಾರೆ. ಆದರೆ ಹೋಗುವುದು 4ಎಸ್‌ನವು. ಇದನ್ನು ಬಾಯಿಪಾಠ ಮಾಡಬೇಕಿಲ್ಲ, ಲೆಕ್ಕ ಹಾಕಿಯೇ ನೋಡೋಣ.

ಹೊರಗಿನ ಎಲೆಕ್ಟ್ರಾನ್‌ಗೆ ನ್ಯೂಕ್ಲಿಯಸ್‌ನ ಪೂರ್ತಿ ಸೆಳೆತ ಸಿಗಲ್ಲ. ಉಳಿದ ಎಲೆಕ್ಟ್ರಾನ್‌ಗಳು ಅಡ್ಡ ಬರುತ್ತವೆ. ಇದೇ ಶೀಲ್ಡಿಂಗ್. ಪ್ರೋಟಾನ್‌ಗಳ ಸಂಖ್ಯೆಯಿಂದ ಈ ಶೀಲ್ಡಿಂಗ್ ಕಳೆದರೆ ಉಳಿಯೋದು ಪರಿಣಾಮಕಾರಿ ನ್ಯೂಕ್ಲಿಯರ್ ಚಾರ್ಜ್. ಎಷ್ಟು ಕಳೆಯಬೇಕು ಅನ್ನೋದಕ್ಕೆ ಜಾನ್ ಸ್ಲೇಟರ್ 1930ರಲ್ಲಿ ಸರಳ ನಿಯಮ ಕೊಟ್ಟರು:

• ಒಂದೇ ಗುಂಪಿನ ಪ್ರತಿ ಎಲೆಕ್ಟ್ರಾನ್‌ಗೆ 0.35 (1ಎಸ್ ಆದರೆ 0.30). ಎಸ್, ಪಿ ಸೇರಿ ಒಂದು ಗುಂಪು. ಡಿ ಬೇರೆ ಗುಂಪು.
• ಎಸ್, ಪಿ ಎಲೆಕ್ಟ್ರಾನ್‌ಗೆ: ಒಂದು ಕವಚ ಒಳಗಿನವು 0.85, ಅದಕ್ಕಿಂತ ಒಳಗಿನವು 1.
• ಡಿ ಎಲೆಕ್ಟ್ರಾನ್‌ಗೆ: ಒಳ ಗುಂಪಿನವೆಲ್ಲ 1.
• ಹೊರ ಗುಂಪಿನವು ಲೆಕ್ಕಕ್ಕಿಲ್ಲ.

ಮೊದಲು ಪೊಟ್ಯಾಸಿಯಂ (19). ಕೊನೆಯ ಎಲೆಕ್ಟ್ರಾನ್ 4ಎಸ್‌ನಲ್ಲಿದ್ದರೆ ಶೀಲ್ಡಿಂಗ್ 8×0.85 + 10 = 16.8, ಉಳಿಯೋದು 2.2. ಅದೇ 3ಡಿಯಲ್ಲಿದ್ದರೆ ಶೀಲ್ಡಿಂಗ್ 18. ಉಳಿಯೋದು ಬರೀ 1. ಹಾಗಾಗಿ 4ಎಸ್ ಗೆಲ್ಲುತ್ತೆ. ಸ್ಲೇಟರ್ 4ನೇ ಕವಚಕ್ಕೆ 4ರ ಬದಲು 3.7 ಬಳಸಿದರು. 13.6×(2.2/3.7)² ಅಂದರೆ ಸುಮಾರು 4.8 ಎಲೆಕ್ಟ್ರಾನ್ ವೋಲ್ಟ್. ಅಳತೆ ಮಾಡಿದ ಅಯಾನೀಕರಣ ಶಕ್ತಿ 4.34. ಪೆನ್ನು, ಪೇಪರಿನ ಲೆಕ್ಕಕ್ಕೆ ಇದು ಚೆನ್ನಾಗೇ ಇದೆ!

ಈಗ ಕಬ್ಬಿಣ (26).
4ಎಸ್: 26 − (0.35 + 14×0.85 + 10) = 3.75
3ಡಿ: 26 − (5×0.35 + 18) = 6.25

ಲೆಕ್ಕ ಉಲ್ಟಾ ಆಯ್ತು. ಎಲ್ಲಿ ತಿರುಗಿತು? ಸ್ಕ್ಯಾಂಡಿಯಂನಲ್ಲಿ (21) ಎರಡಕ್ಕೂ ಸರಿಯಾಗಿ 3.0 ಬರುತ್ತೆ, ನೀವೇ ಹಾಕಿ ನೋಡಿ. ಅಲ್ಲಿಂದ ಕಬ್ಬಿಣದವರೆಗೆ ನೋಡಿದರೆ, ಒಂದು ಪ್ರೋಟಾನ್, ಒಂದು 3ಡಿ ಎಲೆಕ್ಟ್ರಾನ್ ಹೆಚ್ಚಾದ ಹಾಗೆ 3ಡಿಗೆ ಸಿಗುವ ಲಾಭ 0.65, 4ಎಸ್‌ಗೆ ಬರೀ 0.15. ಡಿ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಹೆಚ್ಚು ಅಡ್ಡ ಬರಲ್ಲ, ಹೊರಗಿರೋ 4ಎಸ್‌ಗೆ ಮಾತ್ರ ಚೆನ್ನಾಗಿ ಅಡ್ಡ ಬರುತ್ತವೆ. ಹೀಗಾಗಿ 3ಡಿ ಒಳಗೆ ಬಿಗಿಯಾಗುತ್ತಾ ಹೋಗುತ್ತೆ, 4ಎಸ್ ಸಡಿಲವಾಗೇ ಉಳಿಯುತ್ತೆ.

ಆದ್ದರಿಂದ ಫೆರಸ್ ಅಯಾನ್‌ನಲ್ಲಿ 3ಡಿಯ 6 ಎಲೆಕ್ಟ್ರಾನ್ ಹಾಗೇ ಇರುತ್ತವೆ. ಫೆರಿಕ್ ಆದಾಗ 5.

ಒಂದು ಎಚ್ಚರಿಕೆ: ಇದು ಅಂದಾಜು. ಎಸ್, ಪಿ ಎರಡಕ್ಕೂ ಒಂದೇ ಶೀಲ್ಡಿಂಗ್ ಅಂತ ಸ್ಲೇಟರ್ ಹಿಡಿದರು. ನಿಜದಲ್ಲಿ ಎಸ್ ನ್ಯೂಕ್ಲಿಯಸ್‌ನ ಇನ್ನೂ ಹತ್ತಿರಕ್ಕೆ ನುಗ್ಗುತ್ತೆ. ಆದರೂ ತುಂಬುವ ಕ್ರಮವೇ ಖಾಲಿಯಾಗುವ ಕ್ರಮವನ್ನೂ ಹೇಳುತ್ತೆ ಅನ್ನೋ ನಂಬಿಕೆ ಬಿಡಿಸೋಕೆ ಇಷ್ಟು ಲೆಕ್ಕ ಸಾಕು. ಅಭ್ಯಾಸಕ್ಕೆ ಸತುವನ್ನು (30) ತಗೊಳ್ಳಿ: 4ಎಸ್‌ಗೆ 4.35, 3ಡಿಗೆ 8.85 ಬಂದರೆ ನಿಮ್ಮ ಲೆಕ್ಕ ಸರಿ.